ಹೆರಿಗೆಗೆ ಮುನ್ನ ಆಸ್ಪತ್ರೆಯವರನ್ನು ಏನೇನು ಕೇಳಿಕೊಳ್ಳಬೇಕು?

ಪ್ರಶ್ನೆ:
ನನ್ನ ಹೆಂಡತಿಗೆ ಈಗ 34 ವಾರ ತುಂಬಿದೆ. ಇದು ನಮ್ಮ ಮೊದಲ ಮಗು. ತಮ್ಮಲ್ಲಿ ಕುಟುಂಬ ಕೇಂದ್ರಿತ ಹೆರಿಗೆ ಆರೈಕೆ ಇದೆ ಎಂದು ಆಸ್ಪತ್ರೆಯವರು ಹೇಳುತ್ತಾರಾದರೂ, ಹೆರಿಗೆ ಕೋಣೆಯಲ್ಲಿ ನಾನು ಜೊತೆಗಿರಬಹುದೇ ಎಂದು ಕೇಳಿದರೆ 'ಆ ಹೊತ್ತಿಗೆ ನೋಡೋಣ' ಎನ್ನುತ್ತಾರೆ. ಯಾವ ವಿಷಯಗಳನ್ನು ಈಗಲೇ ಕೇಳಿ ಖಚಿತಪಡಿಸಿಕೊಳ್ಳಬೇಕೆಂದು ಅನುಭವವಿರುವವರು ದಯವಿಟ್ಟು ತಿಳಿಸಿ.

ಉತ್ತರ 1 (ಎರಡು ಮಕ್ಕಳ ತಾಯಿ):
ಗರ್ಭಿಣಿಯು ತಾನು ಬಯಸಿದವರನ್ನು ಹೆರಿಗೆಯ ಉದ್ದಕ್ಕೂ ಜೊತೆಯಲ್ಲಿರಿಸಿಕೊಳ್ಳಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ 2018ರ ಮಾರ್ಗಸೂಚಿಯೇ ಶಿಫಾರಸು ಮಾಡುತ್ತದೆ. ಆಯ್ಕೆ ಮಾತ್ರ ನಿಮ್ಮ ಹೆಂಡತಿಯದು. ನಿಮ್ಮ ಬದಲು ತಾಯಿಯೋ ಅಕ್ಕನೋ ಇರಲಿ ಎಂದು ಅವರಿಗನ್ನಿಸಿದರೆ ನೀವು ಬೇಸರಪಟ್ಟುಕೊಳ್ಳಬಾರದು. ನನ್ನ ಮೊದಲ ಹೆರಿಗೆಯಲ್ಲಿ ಕೋಣೆಗೆ ಬಂದುಹೋದವರಲ್ಲಿ ಒಬ್ಬರೂ ತಮ್ಮ ಹೆಸರು ಹೇಳಲಿಲ್ಲ, ಒಳಪರೀಕ್ಷೆಗೆ ಮುನ್ನ ಒಂದು ಮಾತು ಕೇಳಲಿಲ್ಲ. ಎರಡನೆಯ ಸಲ ಬೇರೆ ಕಡೆ ಸೇರಿದಾಗ, ದಾದಿಯೊಬ್ಬರು ಅಂಗೈಗಳನ್ನು ಉಜ್ಜಿ ಬೆಚ್ಚಗೆ ಮಾಡಿಕೊಂಡು, 'ಈಗ ಹೊಟ್ಟೆ ಮುಟ್ಟಿ ನೋಡಲೇ, ಈ ನೋವು ಇಳಿಯಲಿ ಎಂದು ಕಾಯಲೇ?' ಎಂದರು. ನೋವು ಹಿಂದಿನಷ್ಟೇ ಇತ್ತು, ಆದರೆ ಭಯವಿರಲಿಲ್ಲ. ಆದ್ದರಿಂದ ನಿಮ್ಮನ್ನು ಒಳಗೆ ಬಿಡುತ್ತಾರೆಯೇ ಎಂಬುದರ ಜೊತೆಗೆ, ಪ್ರತಿ ಹಂತದಲ್ಲೂ ನಿಮ್ಮ ಹೆಂಡತಿಯ ಒಪ್ಪಿಗೆ ಕೇಳುತ್ತಾರೆಯೇ ಎಂದೂ ವಿಚಾರಿಸಿ.

ಉತ್ತರ 2 (ಪ್ರಸೂತಿ ವಾರ್ಡಿನ ಶುಶ್ರೂಷಕಿ):
ಹುಟ್ಟಿದ ಮೇಲಿನ ಮೊದಲ ಒಂದು ಗಂಟೆಯ ಬಗ್ಗೆ ತಪ್ಪದೆ ಕೇಳಿ. ತಾಯಿ ಮಗು ಇಬ್ಬರೂ ಚೆನ್ನಾಗಿದ್ದರೆ ಮಗುವನ್ನು ಒರೆಸಿ ನೇರವಾಗಿ ತಾಯಿಯ ಎದೆಯ ಮೇಲೆ ಮಲಗಿಸಬೇಕು. ಹೊಕ್ಕುಳಬಳ್ಳಿಗೆ ಕ್ಲಿಪ್ ಹಾಕಲು ಕನಿಷ್ಠ 1 ನಿಮಿಷ ಕಾಯಬೇಕು. ತೂಕ ನೋಡುವುದನ್ನು ಆಮೇಲೆ ಮಾಡಿದರೆ ನಷ್ಟವೇನಿಲ್ಲ, ಸ್ನಾನವಂತೂ 24 ಗಂಟೆ ಕಳೆದ ಮೇಲೆಯೇ ಸಾಕು. ಹಾಗೆ ಬಿಟ್ಟ ಮಗು ಕಾಲಿನಿಂದ ಮೆಲ್ಲಗೆ ಒತ್ತುತ್ತಾ, ತಲೆ ಎತ್ತಿ ಎತ್ತಿ ಮೊಲೆಯನ್ನು ತಾನೇ ಹುಡುಕುವುದನ್ನು ನಾನು ಎಷ್ಟೋ ಬಾರಿ ನೋಡಿದ್ದೇನೆ. ಸಿಸೇರಿಯನ್ ಆದರೂ ಇದಕ್ಕೆ ಅವಕಾಶ ಕೊಡುತ್ತೀರಾ, ಹಗಲು ರಾತ್ರಿ ಮಗು ತಾಯಿಯ ಕೋಣೆಯಲ್ಲೇ ಇರುತ್ತದೆಯೇ ಎಂದು ಸ್ಪಷ್ಟವಾಗಿ ಕೇಳಿ.

ಉತ್ತರ 3 (ಅವಧಿಗೆ ಮುನ್ನ ಹುಟ್ಟಿದ ಮಗುವಿನ ತಂದೆ):
ನವಜಾತ ಶಿಶುಗಳ ತೀವ್ರ ನಿಗಾ ಘಟಕದ ನಿಯಮವನ್ನೂ ಕೇಳಿಬಿಡಿ. ನಮ್ಮನ್ನು ಎರಡು ದಿನ ಗಾಜಿನ ಆಚೆಯೇ ನಿಲ್ಲಿಸಿದ್ದರು. ಮೂರನೆಯ ದಿನ ಕಾಂಗರೂ ಆರೈಕೆಗೆಂದು ಮಗುವನ್ನು ನನ್ನ ಎದೆಗೆ ಕಟ್ಟಿದಾಗಲೇ ನನಗೆ ಅದರ ಉಸಿರಿನ ಲಯ ತಿಳಿದದ್ದು.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಕೃತಜ್ಞತೆಗಳು. ಜೊತೆಯಲ್ಲಿ ಯಾರಿರಬೇಕೆಂದು ನಾನು ಅವಳನ್ನು ಇದುವರೆಗೆ ಕೇಳಿಯೇ ಇರಲಿಲ್ಲ. ಇಂದು ರಾತ್ರಿ ಕೇಳುತ್ತೇನೆ.