ಹಳೆಯ ಬೀಟೆಯ ಜೋಡಿ ಆಸನ: ಕೊಳ್ಳುವ ಮುನ್ನ ಏನು ನೋಡಬೇಕು?

ಪ್ರಶ್ನೆ: ಬೆಂಗಳೂರಿನ ನಮ್ಮ ಚಿಕ್ಕ ನಡುಮನೆಗೆ ಬೆತ್ತದ ಹೆಣಿಗೆಯ, ಬೀಟೆಯದ್ದು, ನೂರು ವರ್ಷ ಹಳೆಯದು ಎಂದು ಹೇಳಲಾಗುವ, ಇಬ್ಬರು ಕೂರುವ ಜೋಡಿ ಆಸನವೊಂದನ್ನು ಕೊಳ್ಳಬೇಕೆಂದಿದ್ದೇನೆ. ಅದರ ಹಳಮೆಯನ್ನು ಗುರುತಿಸುವುದು ಹೇಗೆ, ಎಲ್ಲಿಟ್ಟರೆ ಒಪ್ಪುತ್ತದೆ?

ಉತ್ತರ 1: ಮೊದಲು ಮಗುಚಿ ನೋಡಿ. ಬಣ್ಣ ಬಳಿದು ಯಾವ ಮರವನ್ನಾದರೂ ಬೀಟೆಯಂತೆ ಕಾಣಿಸಬಹುದು; ಆದರೆ ಪಾಲಿಶ್ ತಾಗದ ಅಡಿಭಾಗದಲ್ಲಿ ನೇರಳೆಗಂದು ಎಳೆಗಳೂ ಕೈಯುಳಿಯ ಗುರುತುಗಳೂ ಜೋಡಣೆಗಳಲ್ಲಿ ಮರದ ಗೂಟಗಳೂ ಕಂಡರೆ ಬಹುಮಟ್ಟಿಗೆ ನಂಬಬಹುದು. ತಲೆಯಲ್ಲಿ ಕೂಡುಗುರುತಿನಂಥ (+) ಗೀರಿರುವ ಫಿಲಿಪ್ಸ್ ಸ್ಕ್ರೂಗಳು ಬಳಕೆಗೆ ಬಂದದ್ದೇ 1930ರ ದಶಕದಲ್ಲಿ. ಅವಿದ್ದರೆ ದುರಸ್ತಿಯಾಗಿದೆ, ಇಲ್ಲವೇ ನೂರು ವರ್ಷದ ಮಾತು ಸುಳ್ಳು.

ಉತ್ತರ 2: ಹರಿದ ಬೆತ್ತವನ್ನು ಮತ್ತೆ ಹೆಣೆಸಬಹುದು, ಆಸನದ ಕಾಲಿನಿಂದ ಹುಳು ಕೊರೆದ ಹುಡಿ ಉದುರುತ್ತಿದ್ದರೆ ಮಾತ್ರ ಬಿಟ್ಟುಬಿಡಿ. ನೇರ ಬಿಸಿಲು ಬೀಟೆಯ ಬಣ್ಣವನ್ನು ಮಂಕಾಗಿಸುವುದರಿಂದ ಕಿಟಕಿಯಿಂದ ದೂರ, ತಿಳಿಬಣ್ಣದ ಗೋಡೆಯ ಮುಂದಿಡಿ. ದಪ್ಪ ಮೆತ್ತೆಯಿಂದ ಹೆಣಿಗೆಯನ್ನು ಮುಚ್ಚುವುದು ನನಗಂತೂ ಸರಿಯೆನಿಸದು. ಗುಳೇದಗುಡ್ಡದ ಖಣದಲ್ಲಿ ಹೊಲಿಸಿದ ಒಂದು ಸಣ್ಣ ದಿಂಬು ಸಾಕು.

ಉತ್ತರ 3: ಅರಗಿನ ಹಳೆಯ ಪಾಲಿಶ್ ಸ್ಪಿರಿಟ್‌ನಲ್ಲಿ ಕರಗುತ್ತದೆ, ಹಾಗಾಗಿ ಸ್ಪಿರಿಟ್ ಇರುವ ಸ್ಯಾನಿಟೈಸರ್‌ನಿಂದ ಒರೆಸಬೇಡಿ.