ಬೋರ್ ಬರಿದಾದರೂ ಎಸ್‌ಎಂಎಸ್ ಬರುತ್ತಿಲ್ಲ: ಐಒಟಿ ಈವೆಂಟ್ಸ್ ಟೈಮರ್ ಮುಗಿಯುವುದೇ ಇಲ್ಲ

ಅಡಿಕೆತೋಟ_ಚನ್ನಗಿರಿ:
ನಮಸ್ಕಾರ. ತೋಟದಲ್ಲಿ ಮೂರು ಕೊಳವೆಬಾವಿಗಳಿವೆ. ಪ್ರತಿ ಸ್ಟಾರ್ಟರ್ ಪೆಟ್ಟಿಗೆಯಲ್ಲೂ ಒಂದು ಇಎಸ್‌ಪಿ32 (ವೈಫೈ ಇರುವ ಪುಟ್ಟ ನಿಯಂತ್ರಕ), ಒಂದು ಸಿಟಿ ಸೆನ್ಸರ್ (ತಂತಿಯಲ್ಲಿ ಹರಿಯುವ ಕರೆಂಟ್ ಅಳೆಯುವ ಸಾಧನ) ಕೂರಿಸಿದ್ದೇನೆ. ಮೋಟಾರ್ ಎಷ್ಟು ಆಂಪಿಯರ್ ಎಳೆಯುತ್ತಿದೆ ಎಂಬುದು 30 ಸೆಕೆಂಡಿಗೊಮ್ಮೆ ಎಡಬ್ಲ್ಯುಎಸ್ (ಅಮೆಜಾನ್ ಕ್ಲೌಡ್) ಐಒಟಿ ಕೋರ್‌ಗೆ, ಅಂದರೆ ಸಾಧನಗಳ ಸಂದೇಶ ಪಡೆಯುವ ಸೇವೆಗೆ ಹೋಗುತ್ತದೆ. ಅಲ್ಲಿನ ರೂಲ್ ಅದನ್ನು ಐಒಟಿ ಈವೆಂಟ್ಸ್‌ಗೆ (ಸಂದೇಶ ನೋಡಿ ಸಾಧನದ ಸ್ಥಿತಿ ಗುರುತಿಸುವ ಸೇವೆ) ದಾಟಿಸುತ್ತದೆ. ನೀರಿದ್ದಾಗ 12ರ ಆಸುಪಾಸು, ನೀರು ತಪ್ಪಿದರೆ 7.

ಅದರ ಡಿಟೆಕ್ಟರ್ ಮಾಡೆಲ್‌ನಲ್ಲಿ (ಸ್ಥಿತಿಗಳು ಯಾವಾಗ ಬದಲಾಗಬೇಕೆಂದು ಬರೆದಿಡುವ ನಕ್ಷೆ) ನಾಲ್ಕು ಸ್ಥಿತಿಗಳು: ನಿಂತಿದೆ, ಓಡುತ್ತಿದೆ, ಅನುಮಾನ, ಬರಿದು. 8ಕ್ಕಿಂತ ಕೆಳಗಿಳಿದರೆ 'ಅನುಮಾನ'. ಅದರ ಆನ್‌ಎಂಟರ್‌ನಲ್ಲಿ (ಸ್ಥಿತಿಗೆ ಬಂದಾಗ ನಡೆಯುವುದು) 120 ಸೆಕೆಂಡಿನ ಸೆಟ್‌ಟೈಮರ್, ಆನ್‌ಇನ್‌ಪುಟ್‌ನಲ್ಲಿ (ಸಂದೇಶ ಬಂದಾಗಲೆಲ್ಲ ನಡೆಯುವುದು) ರಿಸೆಟ್‌ಟೈಮರ್. ಸಾಧನ ಜೀವಂತವಿದೆಯೇ ಎಂದು ನೋಡುವ ಹಾರ್ಟ್‌ಬೀಟ್ ಉದಾಹರಣೆಯನ್ನು ಅನುಸರಿಸಿ ಬರೆದಿದ್ದೇನೆ. ಟೈಮರ್ ಮುಗಿದರೆ 'ಬರಿದು', ಎಸ್‌ಎನ್‌ಎಸ್ ಎಂಬ ಎಡಬ್ಲ್ಯುಎಸ್ ಸೂಚನಾ ಸೇವೆಯ ಮೂಲಕ ಎಸ್‌ಎಂಎಸ್.

ಕನ್ಸೋಲ್‌ನಿಂದ ಒಂದು ಸಂದೇಶ ಕಳುಹಿಸಿ ಸುಮ್ಮನಿದ್ದರೆ ಎರಡು ನಿಮಿಷಕ್ಕೆ ಎಸ್‌ಎಂಎಸ್ ಬರುತ್ತದೆ. ತೋಟದಲ್ಲಿ ಮಾತ್ರ ಬರುವುದಿಲ್ಲ. ಜೊತೆಗೆ ಸ್ಥಿತಿ ಅರ್ಧ ನಿಮಿಷಕ್ಕೊಮ್ಮೆ 'ಅನುಮಾನ', 'ಓಡುತ್ತಿದೆ' ಎಂದು ಹೊಯ್ದಾಡುತ್ತದೆ. ಸೆನ್ಸರ್ ಕೆಟ್ಟಿದೆಯೇ?

ಪ್ಯಾನೆಲ್‌ಬೋರ್ಡ್_ದಾವಣಗೆರೆ:
ಸರ್, ಸೆನ್ಸರ್ ಬಿಚ್ಚಬೇಡಿ. ಉತ್ತರ ನಿಮ್ಮ ಪರೀಕ್ಷೆಯಲ್ಲೇ ಇದೆ. ಒಂದೇ ಸಂದೇಶ ಕಳುಹಿಸಿ ಸುಮ್ಮನಾದಾಗ ಟೈಮರ್ ಮುಗಿಯುತ್ತದೆ. ತೋಟದಲ್ಲಿ 30 ಸೆಕೆಂಡಿಗೊಮ್ಮೆ ಸಂದೇಶ ಬರುತ್ತಲೇ ಇರುತ್ತದೆ, ಪ್ರತಿ ಸಲವೂ ರಿಸೆಟ್‌ಟೈಮರ್ ಎಣಿಕೆಯನ್ನು ಮತ್ತೆ 120ಕ್ಕೆ ಒಯ್ಯುತ್ತದೆ. ಮುಗಿಯುವುದು ಹೇಗೆ?

ಹಾರ್ಟ್‌ಬೀಟ್ ಟೈಮರ್ ಕಾಯುವುದು ಮೌನಕ್ಕಾಗಿ. ಸಂದೇಶ ಬಂದಾಗಲೆಲ್ಲ ಅದು ಹೊಸದಾಗಿ ಆರಂಭವಾಗಲೇಬೇಕು. ನಿಮಗೆ ಬೇಕಾದದ್ದು ಅದರ ತದ್ವಿರುದ್ಧ: ಕೆಟ್ಟ ಸ್ಥಿತಿ ಎರಡು ನಿಮಿಷ ಬಿಡದೆ ಮುಂದುವರಿದಿದೆಯೇ ಎಂಬ ಪ್ರಶ್ನೆ. ಅದಕ್ಕೆ ಟೈಮರ್ ಅನ್ನು ಆನ್‌ಎಂಟರ್‌ನಲ್ಲಿ ಒಮ್ಮೆ ಇಟ್ಟು ಮುಟ್ಟದೆ ಬಿಡಬೇಕು. ಆನ್‌ಇನ್‌ಪುಟ್‌ನ ರಿಸೆಟ್ ಅಳಿಸಿ. ಆನ್‌ಎಕ್ಸಿಟ್‌ನಲ್ಲಿ (ಸ್ಥಿತಿ ಬಿಡುವಾಗ ನಡೆಯುವುದು) ಕ್ಲಿಯರ್‌ಟೈಮರ್ ಸೇರಿಸಿ, ಇಲ್ಲದಿದ್ದರೆ ನೀರು ಮರಳಿದ ಮೇಲೂ ಹಳೆಯ ಟೈಮರ್ ಹಿನ್ನೆಲೆಯಲ್ಲಿ ಓಡುತ್ತಿರುತ್ತದೆ. ಅವಧಿಯನ್ನು ಇಳಿಸುವ ಮನಸ್ಸಾದರೆ 60 ಸೆಕೆಂಡೇ ಕನಿಷ್ಠ.

'ಓಡುತ್ತಿದೆ'ಗೆ ಮರಳುವ ಗಡಿಯನ್ನೂ 8ರಲ್ಲೇ ಇಡಬೇಡಿ, 9.5 ಮಾಡಿ. ಆದರೆ ನಿಮ್ಮ ಹೊಯ್ದಾಟಕ್ಕೆ ಕಾರಣ ಗಡಿಯಲ್ಲ ಅನ್ನಿಸುತ್ತದೆ. ಮಾಡೆಲ್ ರಚಿಸುವಾಗ ಕೀ, ಅಂದರೆ ಯಾವ ಸಂದೇಶ ಯಾವ ಪಂಪ್‌ನದು ಎಂದು ಬೇರ್ಪಡಿಸುವ ಗುರುತು, ಕೊಟ್ಟಿದ್ದೀರಾ?

ಅಡಿಕೆತೋಟ_ಚನ್ನಗಿರಿ:
ಇಲ್ಲ. ಸಂದೇಶದಲ್ಲಿ ಪಂಪ್ ಸಂಖ್ಯೆ ಇದೆ, ಅದು ಸಾಕೆಂದುಕೊಂಡೆ. ಈಗ ತಿದ್ದಲು ಹೋದರೆ ಕೀ ಬದಲಿಸುವ ದಾರಿಯೇ ಕಾಣುತ್ತಿಲ್ಲ.

ಪ್ಯಾನೆಲ್‌ಬೋರ್ಡ್_ದಾವಣಗೆರೆ:
ಕಾಣುವುದೂ ಇಲ್ಲ. ಕೀ ಎಂಬುದು ಮಾಡೆಲ್ ಹುಟ್ಟುವಾಗಲೇ ನಿಗದಿಯಾಗುತ್ತದೆ, ಆಮೇಲೆ ತಿದ್ದುಪಡಿಯಿಲ್ಲ. ಕೀ ಇಲ್ಲದ ಮಾಡೆಲ್‌ಗೆ ಡಿಟೆಕ್ಟರ್ (ಸ್ಥಿತಿಯ ಲೆಕ್ಕ ಇಡುವ ಪ್ರತಿ) ಒಂದೇ. ಮೂರು ಬೋರ್‌ಗಳ ಲೆಕ್ಕವೂ ಒಂದೇ ಖಾತೆಗೆ ಬೀಳುತ್ತಿದೆ: ಒಂದನೆಯದರಿಂದ 7 ಬಂದರೆ 'ಅನುಮಾನ', ಹಿಂದೆಯೇ ಎರಡನೆಯದರಿಂದ 12 ಬಂದರೆ 'ಓಡುತ್ತಿದೆ'. ಹೊಸ ಹೆಸರಿನಲ್ಲಿ ಇನ್ನೊಂದು ಮಾಡೆಲ್ ರಚಿಸಿ, ಪಂಪ್ ಸಂಖ್ಯೆಯನ್ನೇ ಕೀ ಮಾಡಿ. ಆಗ ಪ್ರತಿ ಪಂಪ್‌ಗೂ ಅದರದೇ ಡಿಟೆಕ್ಟರ್, ಅದರದೇ ಟೈಮರ್.

ಇನ್ನೊಂದು ವಿಷಯ. ಮಾಡೆಲ್‌ನಲ್ಲಿ ಏನೇ ತಿದ್ದಿ ಹೊಸ ಆವೃತ್ತಿ ಪ್ರಕಟಿಸಿದರೂ ಹಳೆಯ ಆವೃತ್ತಿಯ ಡಿಟೆಕ್ಟರ್‌ಗಳು ಅಳಿದು, ಮುಂದಿನ ಸಂದೇಶ ಬಂದಾಗ ಆರಂಭದ ಸ್ಥಿತಿಯಿಂದ ಮತ್ತೆ ಹುಟ್ಟುತ್ತವೆ. ಮೋಟಾರ್ ಓಡುತ್ತಿರುವಾಗ ಪ್ರಕಟಿಸಿ, ಸ್ಥಿತಿ ಏಕೆ 'ನಿಂತಿದೆ' ಎಂದು ತೋರಿಸುತ್ತಿದೆ ಎಂದು ತಲೆ ಕೆಡಿಸಿಕೊಳ್ಳಬೇಡಿ.

ದಾಳಿಂಬೆ_ಹಿರಿಯೂರು:
ನಡುವೆ ಬಾಯಿ ಹಾಕುತ್ತಿದ್ದೇನೆ, ಬೇಸರ ಬೇಡ. ಎಸ್‌ಎಂಎಸ್ ಬಂದು, ನೀವು ಎದ್ದು, ಟಾರ್ಚ್ ಹಿಡಿದು ತೋಟಕ್ಕೆ ಹೋಗುವಷ್ಟರಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿಗೆ ಹೋಗುವಂತಾಗಿರುತ್ತದೆ. ಡ್ರೈ ರನ್ ಆದಾಗ (ನೀರಿಲ್ಲದೆ ಓಡಿದಾಗ) ಮೋಟಾರ್ ನಿಲ್ಲಿಸುವ ರಿಲೇ ಸ್ಟಾರ್ಟರ್‌ನಲ್ಲೇ ಇರಲಿ. ಕ್ಲೌಡ್ ಇರುವುದು ಸುದ್ದಿ ಹೇಳಲು, ಮೋಟಾರ್ ಕಾಯಲು ಅಲ್ಲ. ನೆಟ್‌ವರ್ಕ್ ಹೋದ ದಿನ ಏನು ಮಾಡುತ್ತೀರಿ?

ಮತ್ತೆ, ಹಾರ್ಟ್‌ಬೀಟ್ ಉದಾಹರಣೆಯನ್ನು ಪೂರ್ತಿ ಎಸೆಯಬೇಡಿ. ಕರೆಂಟ್ ಹೋದಾಗ ಇಎಸ್‌ಪಿ32 ಕೂಡ ಸತ್ತರೆ ಸಂದೇಶವೇ ಬರುವುದಿಲ್ಲ, ಸ್ಥಿತಿ 'ಓಡುತ್ತಿದೆ' ಎಂದೇ ಉಳಿಯುತ್ತದೆ. ಆ ಮೌನ ಹಿಡಿಯಲು ಬೇರೆ ಹೆಸರಿನ ಇನ್ನೊಂದು ಟೈಮರ್ ಇಡಿ, ರಿಸೆಟ್‌ಟೈಮರ್ ಅಲ್ಲಿ ಬಳಕೆಗೆ ಬರುತ್ತದೆ. ಅದು ಮುಗಿದರೆ 'ಸುದ್ದಿಯಿಲ್ಲ' ಎಂಬ ಐದನೆಯ ಸ್ಥಿತಿ.

ಅಡಿಕೆತೋಟ_ಚನ್ನಗಿರಿ:
ಕೀ ಸಮೇತ ಹೊಸ ಮಾಡೆಲ್ ರಚಿಸಿದೆ. ಮೂರಕ್ಕೂ ಬೇರೆ ಬೇರೆ ಸ್ಥಿತಿ ಕಾಣುತ್ತಿದೆ. ಮೂಲೆಯ ಬೋರ್‌ನ ಗೇಟ್‌ವಾಲ್ವ್ ತಿರುಗಿಸಿ ಆಂಪಿಯರ್ ಇಳಿಸಿದೆ, ಎಸ್‌ಎಂಎಸ್ ಬಂತು. ಇಬ್ಬರಿಗೂ ಧನ್ಯವಾದ. ರಿಲೇ ಎರಡರಲ್ಲಿ ಇದೆ, ಮೂರನೆಯದಕ್ಕೆ ಹಾಕಿಸುತ್ತೇನೆ. ಇದನ್ನೇ ತಮ್ಮನ ತೋಟಕ್ಕೂ ಮಾಡಬಹುದೇ? ಅವನು ಹೊಸದಾಗಿ ಖಾತೆ ತೆರೆಯಬೇಕು.

ಪ್ಯಾನೆಲ್‌ಬೋರ್ಡ್_ದಾವಣಗೆರೆ:
ಅವರಿಗೆ ಇದು ಬೇಡ. ಐಒಟಿ ಈವೆಂಟ್ಸ್ 2025ರ ಮೇ 20ರಿಂದ ಹೊಸ ಗ್ರಾಹಕರನ್ನು ತೆಗೆದುಕೊಳ್ಳುತ್ತಿಲ್ಲ. ಸೇವೆ ಮುಗಿಯಲು ಕಂಪನಿ ಕೊಟ್ಟಿರುವ ದಿನಾಂಕ 2026ರ ಮೇ 20. ನೀವೂ ಬದಲಾಯಿಸಬೇಕಾದವರೇ. ಐಒಟಿ ಕೋರ್ ರೂಲ್‌ನಿಂದ ನೇರ ಲ್ಯಾಂಬ್ಡಾಗೆ (ಕರೆದಾಗ ಮಾತ್ರ ನಿಮ್ಮ ಕೋಡ್ ಓಡಿಸುವ ಸೇವೆ) ಕಳುಹಿಸಿ, ಪ್ರತಿ ಪಂಪ್‌ನ ಸ್ಥಿತಿಯನ್ನೂ ಆ ಸ್ಥಿತಿ ಆರಂಭವಾದ ಸಮಯವನ್ನೂ ಡೈನಮೋಡಿಬಿ ಎಂಬ ಡೇಟಾಬೇಸ್‌ನಲ್ಲಿ ಬರೆದಿಡಿ. 'ಅನುಮಾನ' ಆರಂಭವಾಗಿ 120 ಸೆಕೆಂಡ್ ದಾಟಿದೆಯೇ ಎಂದು ಪ್ರತಿ ಸಂದೇಶಕ್ಕೂ ಒಂದು ಕಳೆಯುವ ಲೆಕ್ಕ, ಅಷ್ಟೇ. ಮೌನ ಹಿಡಿಯಲು ಮಾತ್ರ ಅದು ಸಾಲದು, ಸಂದೇಶ ಬಾರದಿದ್ದರೆ ಲ್ಯಾಂಬ್ಡಾ ಏಳುವುದಿಲ್ಲ. ಈವೆಂಟ್‌ಬ್ರಿಡ್ಜ್ ಶೆಡ್ಯೂಲರ್‌ನಿಂದ (ಹೊತ್ತಿಗೆ ಸರಿಯಾಗಿ ಕೆಲಸ ಶುರು ಮಾಡಿಸುವ ಸೇವೆ) ಐದು ನಿಮಿಷಕ್ಕೊಮ್ಮೆ ಅದನ್ನು ಎಬ್ಬಿಸಿ, ಯಾವ ಪಂಪ್‌ನ ಕೊನೆಯ ಸಂದೇಶ ಹಳೆಯದಾಗಿದೆ ಎಂದು ನೋಡಿಸಿ. ತಮ್ಮನ ತೋಟದಲ್ಲೇ ಮೊದಲು ಕಟ್ಟಿ, ಸರಿಯಾದ ಮೇಲೆ ನಿಮ್ಮದನ್ನು ಅಲ್ಲಿಗೆ ಸಾಗಿಸಿ.