ಬಿದಿರಿನ ಅಡುಗೆ ಕಟ್ಟೆ: ನೀವು ಕೇಳಿ, ಬಡಗಿ ಉತ್ತರಿಸುತ್ತಾರೆ

ನಿರ್ವಾಹಕರು: ಈ ಭಾನುವಾರದ ಪ್ರಶ್ನೋತ್ತರ ಬಿದಿರಿನ ಅಡುಗೆ ಕಟ್ಟೆಯ ಬಗ್ಗೆ. ಉತ್ತರಿಸುವವರು ಶಿವಮೊಗ್ಗದಲ್ಲಿ 20 ವರ್ಷಗಳಿಂದ ಮರಗೆಲಸ ಮಾಡುತ್ತಿರುವ ನಮ್ಮ ಸದಸ್ಯರು. ದಯವಿಟ್ಟು ಮೇಲಿನ ಉತ್ತರಗಳನ್ನು ಓದಿ ಪ್ರಶ್ನೆ ಕೇಳಿ.

ಹಾಸನದ ಹೊಸಮನೆ: ನಮಸ್ಕಾರ ಸರ್. ಅಂಗಡಿಯಲ್ಲಿ ತಿಳಿ ಹಳದಿ ಮತ್ತು ಕಂದು ಬಣ್ಣದ ಹಲಗೆ ತೋರಿಸಿದರು. ಕಂದು ಹೆಚ್ಚು ಗಟ್ಟಿ ಎಂದರು. ಯಾವುದನ್ನು ತರಲಿ?

ಬಡಗಿ: ನಮಸ್ಕಾರ. ಆ ಕಂದು ಮೇಲೆ ಬಳಿದ ಬಣ್ಣವಲ್ಲ. ಬಿದಿರಿನ ಪಟ್ಟಿಗಳನ್ನು ಹಬೆಯಲ್ಲಿ ಬೇಯಿಸಿದಾಗ ಒಳಗಿನ ಸಕ್ಕರೆ ಕಂದಿ ಬರುವ ಬಣ್ಣ. ಹಾಗೆ ಬೆಂದ ಬಿದಿರು ತುಸು ಮೆದುವಾಗುತ್ತದೆ, ಗಟ್ಟಿಯಾಗುವುದಿಲ್ಲ. ನೀವು ನೋಡಬೇಕಾದದ್ದು ಹಲಗೆಯ ಅಂಚು. ಪಟ್ಟಿಗಳನ್ನು ಮಲಗಿಸಿ ಅಂಟಿಸಿದ್ದರೆ ಮೇಲ್ಮೈಯಲ್ಲಿ ಗೆಣ್ಣುಗಳು ಅಗಲವಾಗಿ ಕಾಣುತ್ತವೆ, ನಿಲ್ಲಿಸಿ ಅಂಟಿಸಿದ್ದರೆ ಸಣ್ಣ ಗೆರೆಗಳಾಗಿ. ಕಟ್ಟೆಗೆ ನಾನು ನಿಲ್ಲಿಸಿದ್ದನ್ನೇ ಹಾಕುತ್ತೇನೆ. ನಾರನ್ನು ಬಿಡಿಸಿ ಅಂಟಿನೊಂದಿಗೆ ಒತ್ತಿದ ಹಲಗೆ ಎಲ್ಲಕ್ಕಿಂತ ಗಟ್ಟಿ. ಅಂಟಿನಿಂದ ಹೊರಬರುವ ಹಾನಿಕರ ಅನಿಲ ಫಾರ್ಮಾಲ್ಡಿಹೈಡ್. ಆ ವಿಷಯದಲ್ಲಿ ಅಂಟಿನ ದರ್ಜೆ ಇ-1, ಅಂದರೆ ಅನಿಲ ಕಡಿಮೆ ಬಿಡುವಂಥದ್ದು, ಹೌದೋ ಅಲ್ಲವೋ ಎಂದು ಬರಹದಲ್ಲಿ ಕೇಳಿ. ಕೊಡದಿದ್ದರೆ ಎದ್ದು ಬನ್ನಿ.

ಧಾರವಾಡದ ಅಕ್ಕ: ಕೊಬ್ಬರಿ ಎಣ್ಣೆ ಹಚ್ಚಬಹುದೇ ಅಣ್ಣ? ಮನೆಯಲ್ಲೇ ಇರುತ್ತದೆ.

ಬಡಗಿ: ಬೇಡ ಅಕ್ಕ. ಅದು ಒಣಗುವ ಎಣ್ಣೆಯಲ್ಲ, ದಿನ ಕಳೆದಂತೆ ಕಮಟು ವಾಸನೆ ಹಿಡಿಯುತ್ತದೆ. ಔಷಧದ ಅಂಗಡಿಯಲ್ಲಿ ಲಿಕ್ವಿಡ್ ಪ್ಯಾರಫಿನ್ ಕೇಳಿ. ಬೇರೆ ಔಷಧ ಬೆರೆಸಿದ ಬಿಳಿ ದ್ರವ ಬೇಡ, ನೀರಿನಂತೆ ತಿಳಿಯಾದದ್ದೇ ಬೇಕು. ರಾತ್ರಿ ಹಚ್ಚಿ ಬೆಳಿಗ್ಗೆ ಒರೆಸಿ. ಮೊದಲ ತಿಂಗಳು ವಾರಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ. ಚಿಮುಕಿಸಿದ ನೀರು ಹನಿಗಟ್ಟಿ ನಿಲ್ಲದೆ ಒಳಗಿಳಿದರೆ ಮತ್ತೆ ಹಚ್ಚುವ ಹೊತ್ತು ಬಂತೆಂದು ತಿಳಿಯಿರಿ.

ಉಡುಪಿ ಮಳೆಮನೆ: ಎರಡು ಮಳೆಗಾಲ ಕಳೆಯಿತು. ಸಿಂಕಿನ ಸುತ್ತ ಕಪ್ಪಾಗಿದೆ. ಹಲಗೆಯ ಅಂಚುಗಳು ಮೇಲೆದ್ದು ನಡು ತಗ್ಗಾಗಿದೆ.

ಬಡಗಿ: ಕಪ್ಪು ಬೂಷ್ಟು. ಸಿಂಕಿಗೆ ಕೊರೆದ ಕಡೆ ಬಿದಿರಿನ ನಾರಿನೊಳಗಿನ ಸೂಕ್ಷ್ಮ ಕೊಳವೆಗಳ ಬಾಯಿ ತೆರೆದಿರುತ್ತದೆ, ನೀರು ಅಲ್ಲಿಂದ ಒಳಗೆ ಹೋಗುತ್ತದೆ. ಅಂಚು ಎದ್ದಿರುವುದನ್ನು ನೋಡಿದರೆ ಅಡಿಭಾಗಕ್ಕೆ ಏನೂ ಬಳಿದಿಲ್ಲ ಅನಿಸುತ್ತದೆ. ಕೆಳಗಿನ ಮೈ ತೇವ ಕುಡಿದು ಹಿಗ್ಗಿದೆ. ಸಿಂಕು ತೆಗೆಸಿ, ಫ್ಯಾನ್ ಗಾಳಿಯಲ್ಲಿ ಚೆನ್ನಾಗಿ ಒಣಗಿಸಿ, ಉಜ್ಜಿ, ಕೊರೆದ ಅಂಚಿಗೆ ನೀರು ತಡೆಯುವ ಎಪಾಕ್ಸಿ ಅಂಟನ್ನು ಎರಡು ಸಲ ಬಳಿಸಿ. ಅಡಿಭಾಗಕ್ಕೂ ಮೇಲಿನಷ್ಟೇ ಲೇಪ ಬೇಕು. ಸ್ಕ್ರೂ ತೂತುಗಳನ್ನು ಉದ್ದುದ್ದ ಮಾಡಿಸಿ, ಹಲಗೆ ಹಿಗ್ಗಿ ಕುಗ್ಗಲು ಜಾಗವಿರಲಿ.

ಸಾಗರದ ಸೊಸೆ: ನಮ್ಮ ಅತ್ತೆ ಮೊರಕ್ಕೆ ಮೆಂತ್ಯ ಮತ್ತು ಕಾಗದ ಅರೆದು ಬಳಿಯುತ್ತಾರೆ. ಹತ್ತು ವರ್ಷದ ಮೊರ ಹಾಗೇ ಇದೆ. ಕಟ್ಟೆಗೂ ಬಳಿಯಬಹುದಲ್ಲವೇ?

ಬಡಗಿ: ನಿಮ್ಮ ಅತ್ತೆಯವರು ಮಾಡುವುದು ಸರಿಯಾದ ಕೆಲಸ. ಆದರೆ ಮೊರ ಒಣ ಕಾಳು ಕೇರುವ ಸಾಧನ, ನೀರು ಮುಟ್ಟುವುದಿಲ್ಲ. ಒದ್ದೆ ಕಟ್ಟೆಯ ಮೇಲೆ ಮೆಂತ್ಯ ನೆನೆದು ಹುಳಿಯುತ್ತದೆ.

ಇಳಕಲ್ ಕಲ್ಲುಮನೆ: ಇಷ್ಟೆಲ್ಲ ಪಾಡು ಯಾಕೆ? ನಮ್ಮಲ್ಲೇ ಕೆಂಪು ಗ್ರಾನೈಟ್ ಸಿಗುತ್ತದೆ. ಕುಕ್ಕರ್ ಇಳಿಸಿ, ಅರಿಶಿನ ಚೆಲ್ಲಿ, ಚಿಂತೆಯಿಲ್ಲ.

ಹಾಸನದ ಹೊಸಮನೆ: ಗುಡ್ಡ ಸಿಡಿಸಿ ತೆಗೆದ ಕಲ್ಲು ಮತ್ತೆ ಬೆಳೆಯುತ್ತದೆಯೇ? ಬಿದಿರು ನಾಲ್ಕೈದು ವರ್ಷಕ್ಕೆ ಕಡಿಯಲು ಬಲಿಯುತ್ತದೆ.

ಇಳಕಲ್ ಕಲ್ಲುಮನೆ: ಚೀನಾದಿಂದ ಹಡಗಿನಲ್ಲಿ ಬರುವ ಹಲಗೆ ತಂದು ಪರಿಸರದ ಪಾಠ ಹೇಳಬೇಡಿ.

ಹಾಸನದ ಹೊಸಮನೆ: ನಿಮ್ಮನ್ನು ಯಾರೂ ಕೇಳಲಿಲ್ಲ.

ಬೆಂಗಳೂರು ಬಾಡಿಗೆದಾರ: ಚದರ ಅಡಿಗೆ ಎಷ್ಟು ಬೀಳುತ್ತದೆ?

ಮಂಡ್ಯದ ಗೆಳೆಯ: ವಾಟ್ಸ್‌ಆ್ಯಪ್‌ನಲ್ಲಿ ಬಂದದ್ದು: ಬಟ್ಟೆಯ ಬ್ಲೀಚ್‌ಗೆ ಸಮಪಾಲು ವಿನೆಗರ್ ಬೆರೆಸಿ ಸುರಿದರೆ ಬಿದಿರಿನ ಕಪ್ಪು ಕಲೆ ಐದು ನಿಮಿಷದಲ್ಲಿ ಮಾಯ. ಎಲ್ಲರಿಗೂ ಕಳುಹಿಸಿ.

ಬಡಗಿ: ಯಾರಿಗೂ ಕಳುಹಿಸಬೇಡಿ. ಬ್ಲೀಚ್‌ಗೆ ಹುಳಿ ಬೆರೆತರೆ ಕ್ಲೋರಿನ್ ಅನಿಲ ಏಳುತ್ತದೆ. ಕಿಟಕಿ ಮುಚ್ಚಿದ ಅಡುಗೆಮನೆಯಲ್ಲಿ ಅದನ್ನು ಉಸಿರಾಡಿದರೆ ಆಸ್ಪತ್ರೆಯೇ ಗತಿ. ನಿರ್ವಾಹಕರೇ, ಇದನ್ನು ಅಳಿಸಿ.

ಮಂಡ್ಯದ ಗೆಳೆಯ: ಬಂದದ್ದನ್ನು ಹಾಕಿದೆ ಅಷ್ಟೇ. ಇಷ್ಟು ಗದರಬೇಕೇ?

ಗದಗದ ಮನೆಯಾಕೆ: ಸರ್, ಹಾರ್ಡ್‌ವೇರ್ ಅಂಗಡಿಯಿಂದ ಬಾಯ್ಲ್ಡ್ ಲಿನ್‌ಸೀಡ್ ಎಣ್ಣೆ ತಂದು ಬೆಳಿಗ್ಗೆ ದಪ್ಪವಾಗಿ ಎರಡು ಸಲ ಹಚ್ಚಿದೆವು. ಇನ್ನೂ ಅಂಟಂಟು, ಬೆರಳಿನ ಗುರುತು ಬೀಳುತ್ತಿದೆ. ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಪ್ಲಾಸ್ಟಿಕ್ ಚೀಲದಲ್ಲಿ ಕಸದ ಬುಟ್ಟಿಗೆ ಹಾಕಿದ್ದೆ. ಈಗ ಮುಟ್ಟಿದರೆ ಚೀಲ ಬೆಚ್ಚಗಿದೆ. ಬುಟ್ಟಿ ಒಲೆಯ ಹತ್ತಿರ ಇರುವುದಕ್ಕೇನೋ. ಅಂಟು ಹೋಗಲು ಏನು ಮಾಡಲಿ?

ಬಡಗಿ: ಅಮ್ಮಾ, ಅಂಟಿನ ಮಾತು ಆಮೇಲೆ. ಈಗಲೇ ಎದ್ದು ಆ ಚೀಲವನ್ನು ಮನೆಯ ಹೊರಗೆ ಒಯ್ಯಿರಿ. ಬಟ್ಟೆ ಬಿಡಿಸಿ ನೋಡಲು ಹೋಗಬೇಡಿ. ಇಡೀ ಮುದ್ದೆಯನ್ನು ಬಕೆಟ್ ನೀರಿನಲ್ಲಿ ಮುಳುಗಿಸಿ. ಹೊಗೆ ಕಂಡರೆ ಕೈ ಹಾಕದೆ ಅಲ್ಲೇ ನೀರು ಸುರಿಯಿರಿ.

ಒಲೆಯಿಂದ ಬಂದ ಬಿಸಿಯಲ್ಲ ಅದು. ಲಿನ್‌ಸೀಡ್ ಅಂದರೆ ಅಗಸೆ. ಅಗಸೆ ಎಣ್ಣೆ ನೀರಿನಂತೆ ಆರಿ ಒಣಗುವುದಿಲ್ಲ, ಗಾಳಿಯ ಆಮ್ಲಜನಕವನ್ನು ಹೀರಿ ಗಟ್ಟಿಯಾಗುತ್ತದೆ. ಆಗ ಬಿಸಿ ಹುಟ್ಟುತ್ತದೆ. ಹಲಗೆಯ ಮೇಲೆ ತೆಳುವಾಗಿ ಹರಡಿದಾಗ ಆ ಬಿಸಿ ಗಾಳಿಗೆ ಹೋಗುತ್ತದೆ. ಮುದ್ದೆ ಬಟ್ಟೆಯೊಳಗೆ ಹೋಗಲು ದಾರಿಯಿಲ್ಲ. ಬಿಸಿ ಹೆಚ್ಚಿದಷ್ಟೂ ಎಣ್ಣೆ ಬೇಗ ಗಟ್ಟಿಯಾಗುತ್ತದೆ, ಬೇಗ ಆದಷ್ಟೂ ಇನ್ನಷ್ಟು ಬಿಸಿ. ಕೆಲವೇ ಗಂಟೆಗಳಲ್ಲಿ ಕಿಡಿಯಿಲ್ಲದೆ ಬೆಂಕಿ ಹೊತ್ತಿಕೊಳ್ಳಬಹುದು.

ಕೆಲಸ ಕಲಿತ ಮೊದಲ ವರ್ಷ ನಮ್ಮ ಕೊಟ್ಟಿಗೆಯಲ್ಲಿ ಹೀಗೆಯೇ ಬಟ್ಟೆ ಗುಡ್ಡೆ ಹಾಕಿದ್ದೆವು. ಮರುದಿನ ಬಾಗಿಲು ತೆಗೆದರೆ ಸುಟ್ಟ ಎಣ್ಣೆಯ ಘಾಟು. ಗುಡ್ಡೆಯ ನಡುವೆ ಅಂಗೈಯಗಲ ಕರಿ ತೂತು, ಅಂಚು ಕೆಂಪಗೆ ಉಸಿರಾಡುತ್ತಿತ್ತು. ಎರಡು ಮಾರು ಆಚೆ ಹೊಟ್ಟಿನ ಮೂಟೆಗಳಿದ್ದವು. ಅಂದಿನಿಂದ ಎಣ್ಣೆ ಬಟ್ಟೆಯನ್ನು ಹೊರಗೆ ತಂತಿಯ ಮೇಲೆ ಒಂದೊಂದಾಗಿ ಹರವುತ್ತೇನೆ, ಇಲ್ಲವೇ ನೀರು ತುಂಬಿದ ತಗಡಿನ ಡಬ್ಬಕ್ಕೆ ಹಾಕುತ್ತೇನೆ.

ಬಾಯ್ಲ್ಡ್ ಎಂದರೆ ಕುದಿಸಿ ಶುದ್ಧ ಮಾಡಿದ್ದು ಎಂದುಕೊಳ್ಳಬೇಡಿ. ಬೇಗ ಒಣಗಲೆಂದು ಅದಕ್ಕೆ ಲೋಹದ ಲವಣ ಸೇರಿಸಿರುತ್ತಾರೆ. ರೊಟ್ಟಿ ಹಿಟ್ಟು ಕಲಸುವ ಕಟ್ಟೆಗೆ ಅದು ಬೇಡವೇ ಬೇಡ. ಹೆಚ್ಚಾದ ಎಣ್ಣೆಯನ್ನು ಟರ್ಪೆಂಟೈನ್ ಹಚ್ಚಿದ ಬಟ್ಟೆಯಿಂದ ತೆಗೆಯಿರಿ, ಕಿಟಕಿ ತೆರೆದಿರಲಿ, ಒಲೆ ಆರಿರಲಿ. ಆ ಬಟ್ಟೆಗೂ ಇದೇ ಎಚ್ಚರಿಕೆ. ಕೆಲವು ವಾರ ಬಿಟ್ಟು ಉಜ್ಜಿಸೋಣ. ನೀರಿಗೆ ಹಾಕಿದ ಕೂಡಲೇ ಇಲ್ಲಿ ಬರೆಯಿರಿ.

ತುಮಕೂರು ತೆಂಗು: ಕೊಬ್ಬರಿ ಎಣ್ಣೆ ಹಚ್ಚಿದರೆ ಹೇಗೆ?

ಬಡಗಿ: ಮೇಲೆ ಹೇಳಿದ್ದೇನೆ.

ತುಮಕೂರು ತೆಂಗು: ಹೌದು ಅಥವಾ ಇಲ್ಲ ಎನ್ನಲು ಏನು ಕಷ್ಟ?

ಬಡಗಿ: ಇಲ್ಲ.

ಮೈಸೂರು ಮೇಷ್ಟ್ರು: ಗ್ಯಾಸ್ ಒಲೆಯನ್ನು ಹಲಗೆಯಲ್ಲೇ ಹುದುಗಿಸಬಹುದೇ? ಎಷ್ಟು ಅಂತರ ಬಿಡಬೇಕು?

ಇಳಕಲ್ ಕಲ್ಲುಮನೆ: ನೋಡಿ, ಈಗ ಬೆಂಕಿಯ ಭಯವೂ ಬಂತು. ಕಲ್ಲಿಗೆ ಇದ್ಯಾವುದೂ ಇಲ್ಲ.

ಹಾಸನದ ಹೊಸಮನೆ: ಆ ತಾಯಿ ಅಪಾಯದಲ್ಲಿದ್ದಾರೆ, ನಿಮಗೆ ಕಲ್ಲಿನದೇ ಚಿಂತೆ.

ನಿರ್ವಾಹಕರು: ಇಬ್ಬರೂ ನಿಲ್ಲಿಸಿ. ಇನ್ನೊಂದು ಮಾತು ಬಂದರೆ ಇಬ್ಬರನ್ನೂ ತೆಗೆಯುತ್ತೇನೆ.

ಮಂಡ್ಯದ ಗೆಳೆಯ: ನಿಂಬೆಹಣ್ಣು, ಉಪ್ಪು ಸರಿಯೇ? ಇದೂ ಫಾರ್ವರ್ಡ್ ಬಂದಿದೆ.

ಬಡಗಿ: ಗದಗದ ಅಮ್ಮಾ, ಇಪ್ಪತ್ತು ನಿಮಿಷವಾಯಿತು. ನೀರಿಗೆ ಹಾಕಿದಿರಾ? ಅಲ್ಲಿಯವರೆಗೆ ನಾನು ಬೇರೆ ಯಾರಿಗೂ ಉತ್ತರಿಸುವುದಿಲ್ಲ.

ಗದಗದ ಮನೆಯಾಕೆ: ಹಾಕಿದೆವು ಸರ್. ಯಜಮಾನರು ಅಂಗಳಕ್ಕೆ ಒಯ್ದರು. ನೀರಿನಲ್ಲಿ ಮುಳುಗಿಸಿದಾಗ ಆವಿ ಬಂತು, ಕೈ ಇನ್ನೂ ನಡುಗುತ್ತಿದೆ. ಕಟ್ಟೆಯ ಅಡಿಭಾಗಕ್ಕೆ ಎಣ್ಣೆ ಹಚ್ಚಲು ಬಳಸಿದ ಒಂದು ಬನಿಯನ್ ಸಿಂಕಿನ ಕೆಳಗಿನ ಕಪಾಟಿನಲ್ಲಿ ತುರುಕಿದ್ದು ನೆನಪು.

ಬಡಗಿ: ಅದನ್ನೂ ಈಗಲೇ ತೆಗೆಯಿರಿ. ನಾನು ಇಲ್ಲೇ ಇದ್ದೇನೆ.

ಗದಗದ ಮನೆಯಾಕೆ: ಸಿಕ್ಕಿತು. ಬಕೆಟ್‌ನಲ್ಲಿದೆ.